ಬಾಗಿಲಲ್ಲಿ ಅಳು, ಒಳಗೆ ರಂಪ: ನನ್ನ ಮಗನಿಗೆ ಮಾಂಟೆಸ್ಸರಿ ಹೊಂದುವುದಿಲ್ಲವಾ?

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಮಾಂಟೆಸ್ಸರಿಗೆ ಸೇರಿಸಿ ಮೂರು ವಾರ ಆಯಿತು. ದಿನಾ ಬಾಗಿಲಲ್ಲಿ ನನ್ನ ಕಾಲು ಹಿಡಿದುಕೊಂಡು ಅಳುತ್ತಾನೆ. ಒಳಗೆ ಹೋದ ಮೇಲೆ ಸಾಮಾನು ಹರಡಿಕೊಳ್ಳುವ ಚಾಪೆಯನ್ನು ಸುತ್ತಿಡುವುದಿಲ್ಲ, ತೆಗೆದದ್ದನ್ನು ವಾಪಸ್ ಇಡುವುದಿಲ್ಲ, ಬೇರೆ ಮಕ್ಕಳ ಕೈಯಿಂದ ಕಿತ್ತುಕೊಳ್ಳುತ್ತಾನೆ ಅಂತ ಟೀಚರ್ ಹೇಳುತ್ತಾರೆ. ಮನೆಗೆ ಬಂದರೆ ಸಣ್ಣದಕ್ಕೂ ರಂಪ. ಮಕ್ಕಳಿಗೆ ಸ್ವಾತಂತ್ರ್ಯ ಕೊಡುತ್ತಾರೆ ಅಂತ ಮಾಂಟೆಸ್ಸರಿಗೆ ಸೇರಿಸಿದೆವು. ಅಲ್ಲಿ ನೋಡಿದರೆ ಎಲ್ಲದಕ್ಕೂ ಒಂದು ನಿಯಮ. ಅವನಿಗೆ ಇದು ಹೊಂದುವುದಿಲ್ಲವಾ? ಬಿಡಿಸಿಬಿಡಬೇಕಾ?

ಉತ್ತರ: ಬಿಡಿಸಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನ ಮಗುವಿಗೆ ಮೂರು ವಾರ ಅನ್ನುವುದು ತುಂಬಾ ಚಿಕ್ಕ ಅವಧಿ. ವಾರಕ್ಕೆ ಐದು ದಿನ ಅಂತ ಹಿಡಿದರೂ ಅವನು ಆ ಕೋಣೆಯನ್ನು ನೋಡಿರುವುದು 15 ಬೆಳಗ್ಗೆ ಮಾತ್ರ. ನಡುವೆ ನೆಗಡಿ, ಜ್ವರ ಅಂತ ತಪ್ಪಿಸಿದ್ದರೆ ಇನ್ನೂ ಕಡಿಮೆ. ಇಷ್ಟು ವರ್ಷ ಈ ಪುಟ್ಟವರ ಜೊತೆ ಕೆಲಸ ಮಾಡಿ ನಾನು ಕಂಡಂತೆ, ಹೊಂದಿಕೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುವುದು ಮಾಮೂಲು. ಕೆಲವರಿಗೆ ಅದಕ್ಕಿಂತ ಜಾಸ್ತಿಯೇ ಬೇಕು.

ಬಾಗಿಲಲ್ಲಿ ಅಳುವುದು ಒಂದು, ಒಳಗೆ ನಿಯಮಕ್ಕೆ ಬಗ್ಗದಿರುವುದು ಇನ್ನೊಂದು ಅಂತ ಬೇರೆ ಬೇರೆಯಾಗಿ ಬರೆದಿದ್ದೀರಿ. ನನಗೆ ಎರಡೂ ಒಂದೇ ಬೇರಿನಿಂದ ಬಂದಂತೆ ಕಾಣುತ್ತದೆ. ಹೊಸ ಜಾಗದಲ್ಲಿ ಇನ್ನೂ ನೆಲೆ ಸಿಗದ ಮಗುವಿಗೆ ಚಾಪೆ ಸುತ್ತುವ ಗಮನ ಎಲ್ಲಿಂದ ಬರಬೇಕು? ಚಾಪೆ ಎಲ್ಲಿರುತ್ತದೆ, ನೀರಿನ ಜಗ್ ಎಲ್ಲಿರುತ್ತದೆ, ಕೈ ತೊಳೆದ ಮೇಲೆ ಏನು, ತಿಂಡಿ ಆದ ಮೇಲೆ ಏನು ಅನ್ನುವುದು ಒಂದೊಂದಾಗಿ ಗೊತ್ತಾಗುತ್ತಾ ಹೋದ ಹಾಗೆ ಅಳುವೂ ತಾನಾಗಿ ಇಳಿಯುತ್ತದೆ.

ಮೊದಲು ಬಾಗಿಲಿನ ವಿಷಯ. "ಮಧ್ಯಾಹ್ನ ಬರ್ತೀನಿ ಕಂದ" ಅಂತ ನೀವು ಹೇಳುತ್ತೀರಿ. ಮಧ್ಯಾಹ್ನ ಅಂದರೆ ಏನು ಅಂತ ಅವನಿಗೆ ಗೊತ್ತಿಲ್ಲ. ಗಡಿಯಾರದ ಹೊತ್ತು ಈ ವಯಸ್ಸಿಗೆ ಎಟಕುವುದಿಲ್ಲ. ಅವನಿಗೆ ಅರ್ಥವಾಗುವುದು ಒಂದಾದ ಮೇಲೆ ಒಂದು ಬರುವ ಸಾಲು. "ನೀನು ಕೆಲಸ ಮಾಡ್ತೀಯ, ತಿಂಡಿ ತಿಂತೀಯ, ಹೊರಗೆ ಆಡ್ತೀಯ, ಆಮೇಲೆ ಅಮ್ಮ ಬಾಗಿಲಿಗೆ ಬರ್ತಾಳೆ." (ಮಗು ಆರಿಸಿಕೊಂಡು ಮಾಡುವ ಚಟುವಟಿಕೆಗೆ ಮಾಂಟೆಸ್ಸರಿಯಲ್ಲಿ ಕೆಲಸ ಅನ್ನುತ್ತೇವೆ.) ದಿನವೂ ಇದೇ ಮಾತು, ಇದೇ ಕ್ರಮದಲ್ಲಿ. ಒಂದು ಅಪ್ಪುಗೆ, ಒಂದು ಟಾಟಾ, ಹೊರಟುಬಿಡಿ. ಅವನು ಅಳುತ್ತಿದ್ದರೂ ಹೊರಡಿ. ಐದು ನಿಮಿಷ ನಿಂತು ಸಮಾಧಾನ ಮಾಡಿ, ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದರೆ, ಈ ಜಾಗದ ಬಗ್ಗೆ ಅಮ್ಮನಿಗೇ ಧೈರ್ಯ ಇಲ್ಲ ಅಂತ ಅವನಿಗೆ ಅನ್ನಿಸುತ್ತದೆ.

ಒಂದು ಕೆಲಸ ಮಾತ್ರ ಖಂಡಿತ ಮಾಡಬೇಡಿ. ಅವನ ಕಣ್ಣು ತಪ್ಪಿಸಿ ಹೋಗಬೇಡಿ. ನಾನು ಈ ಕೆಲಸಕ್ಕೆ ಹೊಸದಾಗಿ ಸೇರಿದಾಗ ಒಬ್ಬ ತಾಯಿಗೆ ಹಾಗೇ ಹೇಳಿಕೊಟ್ಟಿದ್ದೆ. "ಅವಳು ಆಟದಲ್ಲಿ ಮುಳುಗಿದ್ದಾಳೆ, ನೀವು ಸುಮ್ನೆ ಹೊರಟುಬಿಡಿ" ಅಂದೆ. ಆ ಹುಡುಗಿ ಎರಡು ನಿಮಿಷದ ಮೇಲೆ ತಲೆ ಎತ್ತಿದಳು. ಅಮ್ಮ ಕೂತಿದ್ದ ಕುರ್ಚಿ ಖಾಲಿ. ಆಗ ಅವಳು ಅಳಲಿಲ್ಲ. ಎದ್ದು ಹೋಗಿ ಆ ಕುರ್ಚಿಯ ಮೇಲೆ ಕೈಯಿಟ್ಟು ನಿಂತುಕೊಂಡಳು. ಮಾರನೇ ದಿನದಿಂದ ಅಮ್ಮನ ಬಟ್ಟೆಯನ್ನು ಒಂದು ಕ್ಷಣವೂ ಬಿಡಲಿಲ್ಲ. ಯಾವ ಕೆಲಸಕ್ಕೂ ಕೂರಲಿಲ್ಲ. ಕೂತರೆ ಅಮ್ಮ ಮಾಯವಾಗುತ್ತಾಳೆ ಅಂತ ಅವಳಿಗೆ ನಾನೇ ಕಲಿಸಿಬಿಟ್ಟಿದ್ದೆ. ಅದನ್ನು ಸರಿಮಾಡಲು ಒಂದು ತಿಂಗಳಿಗಿಂತ ಹೆಚ್ಚು ಹಿಡಿಯಿತು. ಅಂದಿನಿಂದ ಯಾವ ತಂದೆತಾಯಿಗೂ ನಾನು ಆ ಮಾತು ಹೇಳಿಲ್ಲ.

ಈಗ ನಿಯಮದ ವಿಷಯಕ್ಕೆ ಬರುತ್ತೇನೆ. ಸ್ವಾತಂತ್ರ್ಯ ಅಂತೀರಿ, ಮತ್ತೆ ಇಷ್ಟೊಂದು ನಿಯಮ ಯಾಕೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ತುಂಬಾ ಜನ ಇದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ.

ಈ ಪದ್ಧತಿಯನ್ನು ಹುಟ್ಟುಹಾಕಿದ ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ಶಾಲೆಯನ್ನು, ಅಂದರೆ "ಮಕ್ಕಳ ಮನೆ"ಯನ್ನು, ರೋಮ್ ನಗರದ ಸಾನ್ ಲೊರೆಂಜೊ ಅನ್ನುವ ಬಡ ಬಡಾವಣೆಯಲ್ಲಿ 1907ರ ಜನವರಿ 6ರಂದು ತೆರೆದರು. ಅಲ್ಲಿ ಶುರುವಿನಲ್ಲಿ ಸಾಮಾನುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಟೀಚರ್ ತೆಗೆದು ಹಂಚುವುದು, ಆಮೇಲೆ ಅವರೇ ಎತ್ತಿಡುವುದು. ಎತ್ತಿಡುವಾಗ ಮಕ್ಕಳು ಹಿಂದೆ ಹಿಂದೆಯೇ ಬಂದು ನೋಡುತ್ತಾ ನಿಲ್ಲುತ್ತಿದ್ದವು. ಕಳಿಸಿದರೂ ಮತ್ತೆ ಬರುತ್ತಿದ್ದವು. ಅವಕ್ಕೆ ಬೇಕಾಗಿದ್ದದ್ದು ತಾವೇ ಎತ್ತಿಡುವುದು ಅಂತ ಮಾಂಟೆಸ್ಸರಿಗೆ ಹೊಳೆಯಿತು. ಇನ್ನೊಂದು ದಿನ ಬೀರುವಿಗೆ ಬೀಗ ಹಾಕುವುದು ಮರೆತುಹೋಗಿತ್ತು. ಟೀಚರ್ ಬರುವುದೂ ತಡವಾಯಿತು. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದ್ದನ್ನು ತಾವೇ ತೆಗೆದುಕೊಂಡು ಕೆಲಸ ಮಾಡುತ್ತಿದ್ದವು. ಟೀಚರ್‌ಗೆ ಅದು ಕಳ್ಳತನದ ಹಾಗೆ ಕಂಡಿತು. ಮಾಂಟೆಸ್ಸರಿಗೆ ಕಂಡದ್ದು ಬೇರೆ. ಯಾವ ಸಾಮಾನು ಎಲ್ಲಿದೆ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವು ಆರಿಸಿಕೊಂಡವು. ಎತ್ತರದ ಬೀರು ಹೋಗಿ, ಮಗುವಿನ ಕೈಗೆಟಕುವ ತೆರೆದ ಶೆಲ್ಫ್ ಬಂದದ್ದು ಹಾಗೆ.

ಈ ಕಥೆಯಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ತೆರೆದ ಶೆಲ್ಫ್ ಅಂದರೆ ಸ್ವಾತಂತ್ರ್ಯ. ಆದರೆ ಒಂದು ಕೆಲಸದ ಸಾಮಾನೆಲ್ಲ ಜೋಡಿಸಿಟ್ಟ ಟ್ರೇ ನಿನ್ನೆ ಇದ್ದ ಜಾಗದಲ್ಲೇ ಇವತ್ತೂ ಇದ್ದರೆ ಮಾತ್ರ ಮಗು ಆರಿಸಿಕೊಳ್ಳಬಹುದು. ತೆಗೆದವರೆಲ್ಲ ಎಲ್ಲೆಂದರಲ್ಲಿ ಬಿಟ್ಟರೆ ಹತ್ತು ನಿಮಿಷದಲ್ಲಿ ಅಲ್ಲಿ ಆರಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ನಿಮ್ಮ ಮಗ ವಾಪಸ್ ಇಡುವ ಟ್ರೇ ಇನ್ನೊಂದು ಮಗುವಿನ ಸ್ವಾತಂತ್ರ್ಯ. ಇನ್ನೊಂದು ಮಗು ವಾಪಸ್ ಇಟ್ಟಿದ್ದು ಇವನದು. ನಿಯಮ ತುಂಬಾ ಇದ್ದ ಹಾಗೆ ಕಾಣುತ್ತದೆ, ನಿಜ. ಎಲ್ಲವನ್ನೂ ಜರಡಿ ಹಿಡಿದರೆ ಉಳಿಯುವುದು ಮೂರೇ: ಯಾರಿಗೂ ನೋವು ಮಾಡಬಾರದು, ಸಾಮಾನು ಹಾಳುಮಾಡಬಾರದು, ಬೇರೆಯವರ ಕೆಲಸ ಕೆಡಿಸಬಾರದು. ಚಾಪೆಯ ಪಕ್ಕದಿಂದ ನಡೆಯುವುದು, ಕುರ್ಚಿ ಒಳಗೆ ತಳ್ಳುವುದು, ಮೆಲ್ಲಗೆ ಮಾತಾಡುವುದು ಎಲ್ಲ ಇದರ ಮಕ್ಕಳು ಮರಿಗಳು.

ಈ ವಯಸ್ಸಿನಲ್ಲಿ ಕ್ರಮ ಅನ್ನುವುದು ಮಗುವಿಗೆ ಎಷ್ಟು ಮುಖ್ಯ ಅಂತ ದೊಡ್ಡವರಾದ ನಮಗೆ ಮರೆತೇಹೋಗಿರುತ್ತದೆ. ಮಾಂಟೆಸ್ಸರಿ ತಾವು ಕಂಡ ಒಂದು ಘಟನೆ ಬರೆದಿದ್ದಾರೆ. ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ನಡೆಯುತ್ತಿದ್ದರು. ಸೆಖೆ ಅಂತ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡರು. ಮಗು ಅಳಲು ಶುರುಮಾಡಿತು. ಎಷ್ಟು ಸಮಾಧಾನ ಮಾಡಿದರೂ ನಿಲ್ಲಲಿಲ್ಲ. ಮಾಂಟೆಸ್ಸರಿ ಆ ತಾಯಿಗೆ ಕೋಟು ಮತ್ತೆ ಹಾಕಿಕೊಳ್ಳಲು ಹೇಳಿದರು. ಅಳು ನಿಂತಿತು. ಕೋಟು ಇರಬೇಕಾದ್ದು ಭುಜದ ಮೇಲೆ, ತೋಳಿನ ಮೇಲಲ್ಲ. ಆ ಮಗುವಿಗೆ ಅಷ್ಟೇ ಸಾಕಾಗಿತ್ತು. ಇದನ್ನು ಓದಿ ನಿಮ್ಮ ಮಗನನ್ನು ನೆನೆಸಿಕೊಳ್ಳಿ. ಅವನಿಗೆ ಗೊತ್ತಿದ್ದ ಕ್ರಮವೆಲ್ಲ ಒಂದೇ ಬೆಳಗ್ಗೆ ಬದಲಾಗಿದೆ. ಹೊಸ ಕ್ರಮ ಇನ್ನೂ ಕೈಗೆ ಬಂದಿಲ್ಲ. ನಡುವೆ ಸಿಕ್ಕಿಹಾಕಿಕೊಂಡಿದ್ದಾನೆ.

ಹಾಗಾದರೆ ಹೊಸ ಕ್ರಮ ಕೈಗೆ ಬರುವುದು ಹೇಗೆ? ಹೇಳಿದರೆ ಬರುವುದಿಲ್ಲ. ತೋರಿಸಿದರೆ ಬರುತ್ತದೆ, ಅದೂ ದೇಹದ ಮೂಲಕ. ಚಾಪೆಯನ್ನೇ ತೆಗೆದುಕೊಳ್ಳಿ. "ಚಾಪೆ ಸುತ್ತಿಡು" ಅನ್ನುವುದು ನಮಗೆ ಎರಡು ಪದ. ಎರಡು ವರ್ಷದವನಿಗೆ ಅದರೊಳಗೆ ಹತ್ತು ಕೆಲಸ ಇದೆ. ಚಾಪೆಯ ಒಂದು ತುದಿಗೆ ಹೋಗಿ ಮಂಡಿಯೂರಿ ಕೂರಬೇಕು. ಎರಡೂ ಕೈಯಿಂದ ಅಂಚು ಹಿಡಿದು ಬೆರಳುಗಳಿಂದ ಒಂದು ಸಣ್ಣ ಮಡಿಕೆ ಮಾಡಬೇಕು. ಆ ಮಡಿಕೆಯನ್ನು ಬಿಗಿಯಾಗಿ ಒತ್ತಿ ಒಂದು ಸುತ್ತು ಸುತ್ತಬೇಕು. ಆಮೇಲೆ ಬಲಗೈ ಮುಂದೆ ಓಡಬಾರದು, ಎಡಗೈ ಹಿಂದೆ ಉಳಿಯಬಾರದು. ಉಳಿದರೆ ಸುರುಳಿ ಓರೆಯಾಗಿ ಐಸ್‌ಕ್ರೀಂ ಕೋನಿನ ಹಾಗೆ ಆಗುತ್ತದೆ. ಆಗ ನಿಂತು, ಹೊರಗೆ ಬಂದ ಅಂಚನ್ನು ಅಂಗೈಯಿಂದ ತಟ್ಟಿ ಸರಿಮಾಡಬೇಕು. ಕೊನೆಗೆ ಸುರುಳಿಯನ್ನು ಎರಡೂ ತೋಳಿನಲ್ಲಿ ಅಪ್ಪಿ ಹಿಡಿದು, ಎದ್ದು, ಯಾರಿಗೂ ತಗುಲದ ಹಾಗೆ ನಡೆದು, ಬುಟ್ಟಿಯಲ್ಲಿ ನಿಲ್ಲಿಸಬೇಕು. ಇದನ್ನು ನಾವು ಮಾತಿಲ್ಲದೆ, ನಿಧಾನವಾಗಿ ಮಾಡಿ ತೋರಿಸುತ್ತೇವೆ. ಮಾತೂ ಕೈಯೂ ಒಟ್ಟಿಗೆ ಓಡಿದರೆ ಮಗು ನಮ್ಮ ಮುಖ ನೋಡುತ್ತದೆ, ಕೈ ನೋಡುವುದಿಲ್ಲ. ಅಂದಹಾಗೆ, ಮೂರು ವರ್ಷದೊಳಗಿನ ಮಕ್ಕಳ ಕೋಣೆಯಲ್ಲಿ ಹೆಚ್ಚಿನ ಕೆಲಸ ಪುಟ್ಟ ಮೇಜಿನ ಮೇಲೆಯೇ ನಡೆಯುತ್ತದೆ. ಅವರಿಗೆ ಚಾಪೆ ಅಂದರೆ ದೊಡ್ಡ ಪಾಠ. ಆರು ವರ್ಷದವರೆಗಿನ ಮಕ್ಕಳ ಗುಂಪಿನಲ್ಲಿ ನಿಮ್ಮ ಮಗ ಇದ್ದರೆ, ಅವನಿಂದ ದೊಡ್ಡ ಮಕ್ಕಳ ಲೆಕ್ಕದಲ್ಲಿ ನಿರೀಕ್ಷೆ ಮಾಡುತ್ತಿದ್ದಾರಾ ಅಂತ ಟೀಚರನ್ನು ಕೇಳಿನೋಡಿ.

ತೋರಿಸುವ ಹೊತ್ತೂ ಮುಖ್ಯ. ಮಗು ಓಡುತ್ತಿರುವಾಗ "ಓಡಬೇಡ" ಅಂತ ಕೂಗಿದರೆ ಅವನ ಕಿವಿಗೆ ಗಟ್ಟಿಯಾಗಿ ಬೀಳುವುದು "ಓಡ" ಅನ್ನುವುದು. ಬೇಡ ಅಂತ ಹೇಳಿದ್ದನ್ನು ಕೇಳಿಸಿಕೊಂಡು, ಕಾಲು ನಿಲ್ಲಿಸಿ, ಬದಲಿಗೆ ಏನು ಮಾಡಬೇಕು ಅಂತ ತಾನೇ ಕಂಡುಹಿಡಿಯುವುದು ಈ ವಯಸ್ಸಿನ ಮೆದುಳಿಗೆ ಭಾರ. ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಇನ್ನೂ ಮೊಳಕೆ. ಅದಕ್ಕೇ "ನಡೆದುಕೊಂಡು ಹೋಗೋಣ" ಅಂತ ಕೈ ಹಿಡಿಯುತ್ತೇವೆ. ನಿಜವಾದ ಪಾಠ ಮಾತ್ರ ಬೇರೆ ಹೊತ್ತಿನಲ್ಲಿ, ಎಲ್ಲರೂ ನೆಮ್ಮದಿಯಾಗಿ ಕೂತಿರುವಾಗ. ಒಂದು ಚಾಪೆ ಹಾಸಿ ಅದರ ಅಂಚಿನ ಸುತ್ತ ಮೆಲ್ಲಗೆ ನಡೆದು ತೋರಿಸುತ್ತೇವೆ. ಆಮೇಲೆ ಒಬ್ಬೊಬ್ಬರಾಗಿ ನಡೆಯುತ್ತಾರೆ. ಅದು ಅವರಿಗೆ ಆಟ. ಕಾಲು ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಮಾಂಟೆಸ್ಸರಿ ಒಂದು ದಿನ ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದನ್ನು ತೋರಿಸಿಕೊಟ್ಟರು. ಕರವಸ್ತ್ರ ಹೇಗೆ ತೆಗೆಯುವುದು, ಸದ್ದಿಲ್ಲದೆ, ಯಾರಿಗೂ ಕಾಣದ ಹಾಗೆ ಹೇಗೆ ಒರೆಸುವುದು ಅಂತ. ಮಕ್ಕಳು ನಗಬಹುದು ಅಂದುಕೊಂಡಿದ್ದರು. ಅವು ಉಸಿರು ಬಿಗಿಹಿಡಿದು ನೋಡಿ, ಮುಗಿದ ಮೇಲೆ ಜೋರಾಗಿ ಚಪ್ಪಾಳೆ ತಟ್ಟಿದವು. ಮೂಗಿನ ವಿಷಯಕ್ಕೆ ಆ ಮಕ್ಕಳು ದಿನಾ ಬೈಗುಳ ತಿಂದಿದ್ದವು. ಹೀಗೆ ಮಾಡು ಅಂತ ಯಾರೂ ಒಮ್ಮೆಯೂ ಮರ್ಯಾದೆಯಿಂದ ತೋರಿಸಿರಲಿಲ್ಲ. ನಾನು ಯಾವಾಗ ಒಂದು ಮಗುವಿನ ಮೇಲೆ ರೇಗುವ ಹಂತಕ್ಕೆ ಬರುತ್ತೇನೋ ಆಗ ಈ ಚಪ್ಪಾಳೆ ನೆನಪಾಗುತ್ತದೆ. ಇವನಿಗೆ ಇದನ್ನು ನಾನು ನಿಜವಾಗಿ ತೋರಿಸಿದ್ದೇನಾ, ಸುಮ್ನೆ ಹೇಳಿದ್ದೇನಾ ಅಂತ ಕೇಳಿಕೊಳ್ಳುತ್ತೇನೆ. ಹೆಚ್ಚು ಸಲ ಬರೀ ಹೇಳಿರುತ್ತೇನೆ.

ಕಿತ್ತುಕೊಳ್ಳುವುದರ ಬಗ್ಗೆ. ಈ ಕೋಣೆಗಳಲ್ಲಿ ಪ್ರತಿ ಸಾಮಾನೂ ಒಂದೊಂದೇ ಇರುತ್ತದೆ. ಇದು ಜಿಪುಣತನ ಅಲ್ಲ, ಬೇಕಂತಲೇ ಮಾಡಿದ್ದು. ನೀರು ಸುರಿಯುವ ಟ್ರೇ ಒಂದೇ ಇದ್ದರೆ ಕಾಯಲೇಬೇಕು, ಅಲ್ವಾ? ಕಳೆದ ವರ್ಷ ಎರಡೂವರೆ ವರ್ಷದ ಒಬ್ಬ ಹುಡುಗ ನೇರವಾಗಿ ಮೇಜಿಗೆ ನುಗ್ಗಿ, ಸುರಿಯುತ್ತಿದ್ದ ಹುಡುಗಿಯ ಕೈಯಲ್ಲಿದ್ದ ಜಗ್ ಹಿಡಿದು ಎಳೆದ. ನೀರು ಚೆಲ್ಲಿತು. ನಾನು ಓಡಲಿಲ್ಲ, ಬೇಗ ನಡೆದು ಹೋದೆ. ನನ್ನ ಕೈಯನ್ನು ಜಗ್ಗಿಗೂ ಅವನ ಕೈಗೂ ನಡುವೆ ಇಟ್ಟೆ. "ಇದು ಈಗ ಅವಳ ಕೆಲಸ. ಅವಳು ಶೆಲ್ಫ್‌ನಲ್ಲಿ ಇಟ್ಟ ಮೇಲೆ ನೀನು ತಗೋಬಹುದು" ಅಂದೆ. ಅವನು ನೆಲಕ್ಕೆ ಬಿದ್ದು ಅತ್ತ. ನಾನು ಪಕ್ಕದಲ್ಲಿ ಕೂತೆ. "ನಿನಗೂ ಅದು ಬೇಕು" ಅಂತ ಒಂದು ಸಲ ಹೇಳಿದೆ, ಅಷ್ಟೇ. ಅಳು ಇಳಿದ ಮೇಲೆ ಇಬ್ಬರೂ ಮೇಜಿನಿಂದ ಸ್ವಲ್ಪ ದೂರ ಕುರ್ಚಿ ಹಾಕಿಕೊಂಡು, ಕೈ ಹಿಂದೆ ಕಟ್ಟಿ ಅವಳು ಸುರಿಯುವುದನ್ನು ನೋಡಿದೆವು. ಅವಳು ಬಟ್ಟೆಯಿಂದ ಟ್ರೇ ಒರೆಸಿ ವಾಪಸ್ ಇಟ್ಟಳು. ಅವನು ನನ್ನ ಮುಖ ನೋಡಿದ. "ಈಗ" ಅಂದೆ. ಎರಡೂ ಕೈಯಲ್ಲಿ ಟ್ರೇ ಹಿಡಿದು ಬಂದ ಅವನ ನಡಿಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ನಾನು ಅವಳಿಗೆ "ಪಾಪ, ಅವನಿಗೂ ಸ್ವಲ್ಪ ಕೊಡು" ಅನ್ನಲಿಲ್ಲ. ಗಮನಿಸಿ. ಹಂಚಿಕೊಳ್ಳಬೇಕು ಅಂತ ನಾವು ಬಲವಂತ ಮಾಡುವುದಿಲ್ಲ. ಕೆಲಸ ಮಾಡುತ್ತಿರುವವರು ತಾವಾಗಿ ಮುಗಿಸುವವರೆಗೆ ಅದು ಅವರದ್ದೇ. ಹೀಗಾಗಿ, ತನ್ನ ಕೈಯಲ್ಲಿರುವುದನ್ನೂ ಯಾರೂ ಕಿತ್ತುಕೊಳ್ಳುವುದಿಲ್ಲ ಅನ್ನುವ ನಂಬಿಕೆ ಪ್ರತಿ ಮಗುವಿಗೂ ಬರುತ್ತದೆ. ಆ ನಂಬಿಕೆ ಬಂದ ಮೇಲೆ ಕಿತ್ತುಕೊಳ್ಳುವುದು ಕಡಿಮೆಯಾಗುತ್ತದೆ. ಇನ್ನೊಂದು ಕಾರಣ ಮಾತು. "ನನಗೂ ಬೇಕು", "ಮುಗೀತಾ?" ಅನ್ನಲು ನಾಲಿಗೆ ಇನ್ನೂ ತಡವರಿಸುವಾಗ ಕೈ ಮುಂದೆ ಹೋಗುತ್ತದೆ. ಕಚ್ಚುವುದೂ ಎಷ್ಟೋ ಸಲ ಇದೇ. ಈ ಎರಡು ಪುಟ್ಟ ಮಾತುಗಳನ್ನು ಮನೆಯಲ್ಲೂ ಅಭ್ಯಾಸ ಮಾಡಿಸಿ.

"ನಿನ್ನೆ ಎಷ್ಟು ಚೆನ್ನಾಗಿ ಎತ್ತಿಟ್ಟ, ಇವತ್ತು ಬೇಕಂತಲೇ ಹಟ ಮಾಡ್ತಾನೆ" ಅಂತ ತಂದೆತಾಯಿ, ಟೀಚರ್ ಇಬ್ಬರೂ ಹೇಳುವುದುಂಟು. ಹಟ ಅಲ್ಲ. ಹೇಳಿದ ಮಾತು ಕೇಳುವುದು ಮೂರು ಹಂತದಲ್ಲಿ ಬೆಳೆಯುತ್ತದೆ ಅಂತ ಮಾಂಟೆಸ್ಸರಿ ಗುರುತಿಸಿದ್ದರು. ಮೊದಲ ಹಂತದಲ್ಲಿ ಮಗು ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ. ಎರಡನೆಯದರಲ್ಲಿ ಬೇಕೆಂದಾಗಲೆಲ್ಲ ಕೇಳುವ ಶಕ್ತಿ ಬಂದಿರುತ್ತದೆ. ಮೂರನೆಯದರಲ್ಲಿ ಖುಷಿಯಿಂದ, ಕಾದುಕೊಂಡು ಕೇಳುತ್ತದೆ. ಮೂರು ವರ್ಷದೊಳಗೆ, ಹೇಳಿದ್ದು ಅವನಿಗೂ ಆ ಕ್ಷಣ ಬೇಕಾಗಿದ್ದರೆ ಮಾತ್ರ ನಡೆಯುತ್ತದೆ. ಇಲ್ಲವಾದರೆ ಇಲ್ಲ. ನಿಮ್ಮ ಮಗ ಇರುವುದು ಅಲ್ಲಿ. ಒಂದು ದಿನ ಇಟ್ಟು ಮೂರು ದಿನ ಇಡದಿದ್ದರೆ ಆ ಒಂದು ದಿನವನ್ನು ಲೆಕ್ಕಕ್ಕೆ ಹಿಡಿಯಿರಿ. ಉಳಿದ ದಿನ ನಾವು ಜೊತೆಗೆ ಇಡುತ್ತೇವೆ. "ನೀನು ಚಮಚ ತಗೋ, ನಾನು ಬಟ್ಟಲು ತಗೋತೀನಿ." ಆ ದಿನಕ್ಕೆ ಅದು ಸಾಕು.

ಮನೆಯ ರಂಪಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೆಳಗ್ಗೆಯೆಲ್ಲ ಬಿಗಿಹಿಡಿದು ಇಟ್ಟುಕೊಂಡಿದ್ದು, ನಿಮ್ಮನ್ನು ಕಂಡ ಕೂಡಲೇ ಸಡಿಲವಾಗುತ್ತದೆ. ನಿಮ್ಮ ಹತ್ತಿರ ಸುರಕ್ಷಿತ ಅನ್ನಿಸುವುದರಿಂದಲೇ ಹೀಗೆ. ಬಂದ ತಕ್ಷಣ "ಏನು ಮಾಡಿದೆ? ಯಾರ ಜೊತೆ ಆಡಿದೆ? ಅತ್ತೆಯಾ?" ಅಂತ ಕೇಳಬೇಡಿ. ತಿನ್ನಲು ಏನಾದರೂ ಕೊಟ್ಟು, ಅರ್ಧ ಗಂಟೆ ಸುಮ್ಮನೆ ಪಕ್ಕದಲ್ಲಿರಿ. ನಿದ್ದೆಯ ಹೊತ್ತನ್ನು ಸ್ವಲ್ಪ ಮುಂಚೆ ತನ್ನಿ.

ಮನೆಯನ್ನು ಇನ್ನೊಂದು ಮಾಂಟೆಸ್ಸರಿ ಮಾಡಲು ಹೋಗಬೇಡಿ. ಸಾಮಾನು ಕೊಳ್ಳುವುದೂ ಬೇಡ. ಚಪ್ಪಲಿಗೆ ಒಂದು ಜಾಗ, ಬ್ಯಾಗಿಗೆ ಅವನ ಎತ್ತರಕ್ಕೆ ಒಂದು ಕೊಕ್ಕೆ, ಆಟದ ಸಾಮಾನು ಕಡಿಮೆ ಮಾಡಿ ಕಣ್ಣಿಗೆ ಕಾಣುವ ಹಾಗೆ ಜೋಡಿಸಿದ್ದು. ಇಷ್ಟಿದ್ದರೆ ಸಾಕು. ಟೀಚರ್ ಯಾವ ಪದ ಬಳಸುತ್ತಾರೋ ಅದನ್ನೇ ಬಳಸಿ. ಅಲ್ಲಿ "ಅದರ ಮನೆಗೆ ಇಡೋಣ" ಅಂದರೆ ಇಲ್ಲೂ ಹಾಗೇ. ಬೆಳಗ್ಗೆ ಹೊರಡಲು ಹದಿನೈದು ನಿಮಿಷ ಜಾಸ್ತಿ ಇಟ್ಟುಕೊಳ್ಳಿ. ಚಪ್ಪಲಿ ಅವನೇ ಹಾಕಿಕೊಳ್ಳಲಿ. ಅವಸರದಲ್ಲಿ ಎತ್ತಿಕೊಂಡು ಓಡಿದ ದಿನ ಬಾಗಿಲಲ್ಲಿ ಅಳು ಜಾಸ್ತಿ ಆಗುವುದನ್ನು ನೀವೇ ನೋಡುತ್ತೀರಿ. ಮತ್ತೆ, ದಿನ ತಪ್ಪಿಸಬೇಡಿ. ಅತ್ತ ಅಂತ ಒಂದು ದಿನ ಮನೆಯಲ್ಲಿ ಉಳಿಸಿಕೊಂಡರೆ ಮಾರನೇ ದಿನ ಮತ್ತೆ ಮೊದಲಿನಿಂದ.

ಯಾವಾಗ ಚಿಂತೆ ಮಾಡಬೇಕು ಅನ್ನುವುದನ್ನೂ ಹೇಳಬೇಕು. ಎರಡು ತಿಂಗಳು ಸರಿಯಾಗಿ ಹೋದ ಮೇಲೂ ಬೆಳಗ್ಗೆಯ ಹೆಚ್ಚಿನ ಹೊತ್ತು ಅಳುತ್ತಲೇ ಇದ್ದರೆ, ಅಲ್ಲಿ ಒಬ್ಬ ದೊಡ್ಡವರ ಹತ್ತಿರವೂ ಸಮಾಧಾನ ಆಗದಿದ್ದರೆ, ತಿನ್ನದೆ ಕುಡಿಯದೆ ಇದ್ದರೆ, ಕೂತು ಮಾತಾಡಿ. ಕಡಿಮೆ ಹೊತ್ತಿನಿಂದ ಮತ್ತೆ ಶುರುಮಾಡಬಹುದು. ಹೆಸರು ಕರೆದರೆ ತಿರುಗದಿರುವುದು, ಎರಡು ಪದ ಸೇರಿಸಿ ಮಾತಾಡದಿರುವುದು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ. ಅಳುವ ಮಗುವನ್ನು ಎಲ್ಲರ ಮುಂದೆ ನಾಚಿಸುವುದು, "ಅಳ್ತಾ ಇದ್ರೆ ಅಮ್ಮ ಬರಲ್ಲ" ಅನ್ನುವುದು ಕಿವಿಗೆ ಬಿದ್ದರೆ ಆಗ ಬಿಡಿಸುವ ಯೋಚನೆ ಮಾಡಿ. ಅದು ಮಾಂಟೆಸ್ಸರಿ ಅಲ್ಲ, ಬೋರ್ಡಿನಲ್ಲಿ ಏನೇ ಬರೆದಿರಲಿ.

ಈಗ ನಾಳೆ ಟೀಚರ್ ಹತ್ತಿರ ಕೇಳಬೇಕಾದ್ದು. "ಇವತ್ತು ಚಾಪೆ ಸುತ್ತಿದನಾ" ಅಂತ ಕೇಳಬೇಡಿ. ನಾನು ಹೋದ ಮೇಲೆ ಎಷ್ಟು ನಿಮಿಷ ಅತ್ತ, ಯಾರ ಹತ್ತಿರ ಸಮಾಧಾನ ಆದ ಅಂತ ಕೇಳಿ. ಮೊದಲ ವಾರ 30 ನಿಮಿಷ ಇದ್ದದ್ದು ಈಗ 10 ನಿಮಿಷಕ್ಕೆ ಇಳಿದಿದ್ದರೆ ಅವನು ಹೊಂದಿಕೊಳ್ಳುತ್ತಿದ್ದಾನೆ. ಅಳು ಬಾಗಿಲಲ್ಲೇ ಇರುತ್ತದೆ, ಇರಲಿ. ಆಮೇಲೆ, ಅವನು ಯಾವ ಕೆಲಸಕ್ಕೆ ಮತ್ತೆ ಮತ್ತೆ ಹೋಗುತ್ತಾನೆ ಅಂತ ಕೇಳಿ. ಸಾನ್ ಲೊರೆಂಜೊದಲ್ಲಿ ಮೂರು ವರ್ಷದ ಆಸುಪಾಸಿನ ಒಂದು ಹುಡುಗಿ ಮರದ ಸಿಲಿಂಡರ್‌ಗಳನ್ನು ಅವುಗಳ ಗುಂಡಿಯಿಂದ ತೆಗೆದು ಮತ್ತೆ ಅದರಲ್ಲೇ ಹಾಕುವುದನ್ನು ಬಿಡದೆ ಮಾಡುತ್ತಿದ್ದಳು. ಸುತ್ತ ಮಕ್ಕಳು ಹಾಡಿದರು, ಮಾಂಟೆಸ್ಸರಿ ಅವಳು ಕೂತಿದ್ದ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಸಿಲಿಂಡರ್‌ಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದುವರಿಸಿದಳು. 40ಕ್ಕೂ ಹೆಚ್ಚು ಸಲ ಮಾಡಿ, ನಿದ್ದೆಯಿಂದ ಎದ್ದವಳ ಹಾಗೆ ನಗುತ್ತಾ ಸುತ್ತ ನೋಡಿದಳು. ನಿಮ್ಮ ಮಗ ಅಷ್ಟು ಮುಳುಗಬೇಕಾಗಿಲ್ಲ. ನೀರು ಸುರಿಯುವುದಕ್ಕೋ, ಕಾಳನ್ನು ಚಮಚದಿಂದ ಎತ್ತಿ ಹಾಕುವುದಕ್ಕೋ, ಕೈ ತೊಳೆಯುವುದಕ್ಕೋ ಅವನು ದಿನಾ ವಾಪಸ್ ಹೋಗುತ್ತಿದ್ದಾನೆ ಅಂತ ಟೀಚರ್ ಹೇಳಿದರೆ, ಅವರನ್ನು ಒಂದು ಮಾತು ಕೇಳಿಕೊಳ್ಳಿ: ಸದ್ಯಕ್ಕೆ ಚಾಪೆ ಬಿಟ್ಟು, ಆ ಒಂದು ಟ್ರೇಯನ್ನು ವಾಪಸ್ ಇಡುವುದನ್ನು ಮಾತ್ರ ಅವನ ಜೊತೆ ಮಾಡಿ. ಅವನಿಗೆ ಅದು ನಾಳೆಯೂ ಅಲ್ಲೇ ಬೇಕಾಗಿರುತ್ತದೆ.